ಡೆಡ್ ಸ್ಟಾಕ್ ಪುಸ್ತಕ: ಕಾರವಾರದ ಕೋಠಿಯಿಂದ ಬಸದಿಯ ಲೆಕ್ಕದವರೆಗೆ

ಬಸದಿ, ಪಾಠಶಾಲೆ, ಧರ್ಮಛತ್ರ ಮೊದಲಾದ ಸಂಸ್ಥೆಗಳ ಕಪಾಟಿನಲ್ಲಿ ಬಹುಮಟ್ಟಿಗೆ ಒಂದು ಉದ್ದನೆಯ ಪುಸ್ತಕವಿರುತ್ತದೆ. ರಟ್ಟಿನ ಮೇಲೆ ‘ಡೆಡ್ ಸ್ಟಾಕ್ ರಿಜಿಸ್ಟರ್’ ಎಂದು ಬರೆದಿರುತ್ತದೆ. ಗಂಟೆ, ದೀಪಸ್ತಂಭ, ಹಿತ್ತಾಳೆಯ ಹಂಡೆ, ಮೇಜು, ಕುರ್ಚಿ, ಜಮಖಾನೆ, ಪಂಪ್‌ಸೆಟ್ಟು ಇವೆಲ್ಲವೂ ಅದರಲ್ಲಿ ಕ್ರಮಸಂಖ್ಯೆ ಪಡೆದು ಕುಳಿತಿರುತ್ತವೆ. ಕೊಂಡ ದಿನ, ಕೊಟ್ಟ ಬೆಲೆ, ದಾನಿಯ ಹೆಸರು, ಇಷ್ಟರವರೆಗೆ ಬರಹ ಅಚ್ಚುಕಟ್ಟಾಗಿರುತ್ತದೆ. ಅದರ ಮುಂದಿನ ಅಂಕಣಗಳು ಮಾತ್ರ ಹಲವೆಡೆ ಖಾಲಿ. ವಸ್ತು ಎಂದು ಕೆಟ್ಟಿತು, ಯಾರು ದುರಸ್ತಿ ಮಾಡಿಸಿದರು, ಇಂದು ಅದರ ಬೆಲೆಯೆಷ್ಟು, ಅದು ಮಾರಾಟವಾಯಿತೆ ಮೂಲೆ ಸೇರಿತೆ ಎಂಬ ಪ್ರಶ್ನೆಗಳಿಗೆ ಪುಸ್ತಕ ಮೌನವಾಗಿರುತ್ತದೆ.

ಈ ಮೌನವು ಬರಿಯ ಲೆಕ್ಕಿಗನ ಆಲಸ್ಯವೆಂದು ತಳ್ಳಿಹಾಕತಕ್ಕದ್ದಲ್ಲ. ಕೆಟ್ಟುಹೋದ ವಸ್ತುವನ್ನು ಕೊಂಡ ದಿನದ ಬೆಲೆಯಲ್ಲಿಯೇ ಉಳಿಸಿಕೊಂಡ ಪುಸ್ತಕವು ಇಲ್ಲದ ಸಂಪತ್ತನ್ನು ಇದೆಯೆಂದು ಹೇಳುತ್ತದೆ. ಗೃಹಸ್ಥನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳಿದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಒಂದು. ಒಪ್ಪಿಸಿದ ನಿಧಿಯಲ್ಲಿ ಕೊರತೆಮಾಡುವ ನ್ಯಾಸಾಪಹಾರ ಇನ್ನೊಂದು. ಬರೆಯಬೇಕಾದುದನ್ನು ಬರೆಯದೆ ಬಿಟ್ಟಾಗ ಈ ಎರಡರ ಹೊಸ್ತಿಲಿಗೂ ಬಂದು ನಿಂತಂತಾಗುತ್ತದೆ. ಆದುದರಿಂದ ಆಸ್ತಿಯ ಸವಕಳಿ, ದುರಸ್ತಿ, ವಿಲೇವಾರಿಗಳ ಲೆಕ್ಕವು ನೀತಿಯ ವಿಷಯವೂ ಹೌದು. ಇದಕ್ಕೆ ಒಂದು ಇತಿಹಾಸವೂ ಉಂಟು. ಅದರ ಒಂದು ಮುಖ್ಯ ಅಧ್ಯಾಯ ಉತ್ತರ ಕನ್ನಡದ ಕಡಲತೀರದಲ್ಲಿಯೇ ನಡೆದಿದೆ.

ಕಾಳಿಯ ದಡದ ಕೋಠಿ

‘ಡೆಡ್ ಸ್ಟಾಕ್’ ಎಂಬ ಮಾತು ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು. ಕಂಪನಿಯ ಲೆಕ್ಕದಲ್ಲಿ ಆಸ್ತಿ ಎರಡು ಬಗೆಯಾಗಿತ್ತು. ಕೈಯಲ್ಲಿರುವ ಹಣ, ಉಗ್ರಾಣದ ಮೆಣಸು, ಬಟ್ಟೆ, ಬರಬೇಕಾದ ಬಾಕಿ ಇವು ‘ಕ್ವಿಕ್ ಸ್ಟಾಕ್’, ಚಲಿಸುವ ಸಂಗ್ರಹ. ಕೋಟೆ, ಕೋಠಿ, ಉಗ್ರಾಣದ ಕಟ್ಟಡ ಮೊದಲಾದವು ‘ಡೆಡ್ ಸ್ಟಾಕ್’, ಮೃತಸಂಗ್ರಹ. ಇಲ್ಲಿ ಮೃತವೆಂದರೆ ನಿರುಪಯುಕ್ತವೆಂದು ಅರ್ಥವಲ್ಲ. ವ್ಯಾಪಾರದಲ್ಲಿ ಕೈಯಿಂದ ಕೈಗೆ ಸಾಗದೆ ನಿಂತಲ್ಲಿಯೇ ನಿಂತು ಸೇವೆ ಸಲ್ಲಿಸುವ ಆಸ್ತಿ ಎಂದು ಮಾತ್ರ ಅರ್ಥ.

ಇಂತಹ ನಿಂತ ಆಸ್ತಿಯೊಂದು ಕಾರವಾರದಲ್ಲಿತ್ತು. ಈಗಿನ ಪಟ್ಟಣಕ್ಕೆ ಪೂರ್ವದಲ್ಲಿ, ಸುಮಾರು ಮೂರು ಮೈಲಿ ದೂರದಲ್ಲಿ, ಕಾಳಿ ನದಿಯ ದಡದ ಮೇಲೆ ಹಳೆಯ ಕಾರವಾರವಿತ್ತು. ಸೋಂದೆಯ ಮೆಣಸಿನ ಖ್ಯಾತಿಯನ್ನು ಕೇಳಿ ಸರ್ ವಿಲಿಯಂ ಕೋರ್ಟೀನನ ಕಂಪನಿಯು 1638ರಲ್ಲಿ ಅಲ್ಲಿ ಕೋಠಿಯನ್ನು ತೆರೆಯಿತು. ಇದು ಸ್ವಾದಿ ಜೈನಮಠದಿಂದ ಶ್ರಾವಕರಿಗೆ ಚಿರಪರಿಚಿತವಾದ ಸೋಂದೆಯೇ. ಮುಂದೆ ಆ ಕೋಠಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. 1660ರ ವೇಳೆಗೆ ಅಲ್ಲಿಂದ ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಬಟ್ಟೆ ಹೊರದೇಶಗಳಿಗೆ ಹೋಗುತ್ತಿತ್ತು. ಹುಬ್ಬಳ್ಳಿ ಮೊದಲಾದ ಘಟ್ಟದ ಮೇಲಿನ ಊರುಗಳಲ್ಲಿ 50,000ದಷ್ಟು ನೇಕಾರರು ಅದಕ್ಕಾಗಿ ದುಡಿಯುತ್ತಿದ್ದರೆಂದು ಗೆಜೆಟಿಯರುಗಳು ಹೇಳುತ್ತವೆ. ಮೆಣಸು, ಏಲಕ್ಕಿ, ನೀಲಿ ಬಣ್ಣದ ದಪ್ಪ ಅರಿವೆ ಇವೂ ಇಲ್ಲಿಂದ ಹಡಗು ಏರುತ್ತಿದ್ದವು.

ಆದರೆ ಗೋಡೆ ಗಟ್ಟಿಯಾಗಿದ್ದ ಮಾತ್ರಕ್ಕೆ ಕೋಠಿಯ ಬಾಳು ಗಟ್ಟಿಯಾಗಿರಲಿಲ್ಲ. 1665ರಲ್ಲಿ ಶಿವಾಜಿಯು ಕಾರವಾರದ ಇಂಗ್ಲಿಷರಿಂದ 112 ಪೌಂಡುಗಳನ್ನು ವಸೂಲು ಮಾಡಿದನು. 1673ರಲ್ಲಿ ಕಾರವಾರದ ಫೌಜುದಾರನು ಕೋಠಿಯನ್ನು ಮುತ್ತಿದನು. 1674ರಲ್ಲಿ ಶಿವಾಜಿಯ ಸೈನ್ಯವು ಊರನ್ನು ಸುಟ್ಟಿತಾದರೂ ಕೋಠಿಗೆ ಕೇಡಾಗಲಿಲ್ಲ. ಸ್ಥಳೀಯ ನಾಯಕರ ವಸೂಲಿಯನ್ನು ತಾಳಲಾರದೆ 1679ರಲ್ಲಿ ಕಂಪನಿಯು ಕೋಠಿಯನ್ನು ಮುಚ್ಚಿ, 1682ರಲ್ಲಿ ಮೊದಲಿಗಿಂತ ದೊಡ್ಡ ಪ್ರಮಾಣದಲ್ಲಿ ಮತ್ತೆ ತೆರೆಯಿತು. ಎರಡೇ ವರ್ಷಗಳಲ್ಲಿ, 1684ರಲ್ಲಿ, ಒಂದು ಸಣ್ಣ ಹಡಗಿನ ನಾವಿಕರು ಹಸುವೊಂದನ್ನು ಕದ್ದು ಕೊಂದರೆಂಬ ಕಾರಣದಿಂದ ಇಂಗ್ಲಿಷರನ್ನು ಕಾರವಾರದಿಂದ ಓಡಿಸುವ ಹಂತ ಬಂದಿತು. ಕೆಲವರ ಹಿಂಸೆ ಇಡೀ ಕೋಠಿಯ ಬಂಡವಾಳವನ್ನೇ ಅಪಾಯಕ್ಕೆ ಒಡ್ಡಿತು. 1697ರಲ್ಲಿ ಮರಾಠರ ದಾಳಿಗೆ ಸಿಕ್ಕಿ ಊರು ಮತ್ತೊಮ್ಮೆ ಹಾಳಾಯಿತು.

ಮೃತಸಂಗ್ರಹಕ್ಕೆ ಬೆಲೆ ಕಟ್ಟಿದ ವರ್ಷ

ಇದೇ ವೇಳೆಗೆ ಲಂಡನ್ನಿನಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳಾದ ಎರಡು ಕಂಪನಿಗಳಿದ್ದವು. ಹಳೆಯದು ಲಂಡನ್ ಕಂಪನಿ, 1698ರಲ್ಲಿ ಹುಟ್ಟಿದ ಹೊಸದು ಇಂಗ್ಲಿಷ್ ಕಂಪನಿ. ಜಗಳದಿಂದ ಇಬ್ಬರಿಗೂ ಹಾನಿಯೆಂದು ಕಂಡು 1702ರಲ್ಲಿ ಅವು ಒಂದಾಗಲು ಒಡಂಬಡಿಕೆ ಮಾಡಿಕೊಂಡವು. ಒಂದಾಗಬೇಕಾದರೆ ಇಬ್ಬರ ಆಸ್ತಿಗೂ ಬೆಲೆ ಕಟ್ಟಬೇಕಷ್ಟೆ. ಸರಕಿನ ಬೆಲೆಯನ್ನು ಪೇಟೆ ಹೇಳುತ್ತದೆ. ಕೋಟೆಗಳ, ಕೋಠಿಗಳ ಬೆಲೆಯನ್ನು ಯಾರು ಹೇಳಬೇಕು? ಇಬ್ಬರೂ ಮಾತನಾಡಿಕೊಂಡು ಹಳೆಯ ಕಂಪನಿಯ ಮೃತಸಂಗ್ರಹಕ್ಕೆ 3,30,000 ಪೌಂಡು, ಹೊಸ ಕಂಪನಿಯದಕ್ಕೆ 70,000 ಪೌಂಡು ಎಂದು ನಿಗದಿ ಮಾಡಿದರು. ಒಟ್ಟು 4,00,000, ಸಮಪಾಲಿಗೆ ತಲಾ 2,00,000. ಹೊಸಬರ ಪಾಲಿನಲ್ಲಿ 1,30,000 ಪೌಂಡು ಕಡಿಮೆ ಬಿದ್ದುದರಿಂದ ಅಷ್ಟು ಹಣವನ್ನು ಅವರು ಹಳಬರಿಗೆ ಕೊಡಬೇಕಾಯಿತು. ಹಳೆಯ ಕಂಪನಿಯ ನೆಲೆಗಳ ಪಟ್ಟಿಯಲ್ಲಿ ಮಲಬಾರ್ ತೀರದ ತಲಚೇರಿ, ಅಂಜೆಂಗೋಗಳ ಜೊತೆಗೆ ಕಾರವಾರದ ಹೆಸರೂ ಇತ್ತು.

ಹೀಗೆ ಕಾಳಿ ದಡದ ಕಲ್ಲುಗಾರೆಯ ಕಟ್ಟಡವೊಂದು ಸಾವಿರಾರು ಮೈಲಿ ದೂರದ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿ ಬೆಲೆ ಪಡೆಯಿತು. ಆ ಬೆಲೆಗೆ ಮುಂದೇನಾಯಿತೆಂಬುದೇ ಪಾಠ. 1715ರಲ್ಲಿ ಸೋಂದೆಯ ಅರಸನು ಕಾರವಾರದ ಹಳೆಯ ಕೋಟೆಯನ್ನು ಕೆಡವಿ ಸದಾಶಿವಗಡವನ್ನು ಕಟ್ಟಿಸಿದನು. ಹೊಸ ಕೋಟೆಯ ನೆರಳಿನಲ್ಲಿ ಕೋಠಿಗೆ ನೆಮ್ಮದಿಯಿಲ್ಲದಂತಾಗಿ, 1720ರಲ್ಲಿ ಅದನ್ನು ತೆಗೆಯಬೇಕಾಯಿತು. ಬೆಲೆ ಕಟ್ಟಿ ಹದಿನೆಂಟು ವರ್ಷಗಳಷ್ಟೇ ಕಳೆದಿದ್ದವು. 1750ರಲ್ಲಿ ಮತ್ತೆ ಅಪ್ಪಣೆ ದೊರೆಯಿತಾದರೂ, 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದು ಕಾರವಾರದ ವ್ಯಾಪಾರವೆಲ್ಲ ತಮ್ಮದೆಂದು ಸಾರಲು ಇಂಗ್ಲಿಷ್ ಪ್ರತಿನಿಧಿಯು ಹಿಂದಿರುಗಿದನು. 1801ರ ಹೊತ್ತಿಗೆ ಹಳೆಯ ಕಾರವಾರ ಪಾಳೂರಾಗಿತ್ತು.

ಆಸ್ತಿಯ ಬೆಲೆ ಮೂರು ದಾರಿಗಳಲ್ಲಿ ಇಳಿಯುತ್ತದೆಂದು ಲೆಕ್ಕಶಾಸ್ತ್ರ ಹೇಳುತ್ತದೆ. ಬಳಕೆಯಿಂದ ಸವೆಯುವುದು ಒಂದು. ಬಳಸದಿದ್ದರೂ ಮಳೆ, ಗಾಳಿ, ಕಾಲಗಳಿಂದ ಜೀರ್ಣವಾಗುವುದು ಇನ್ನೊಂದು. ವಸ್ತು ಗಟ್ಟಿಯಾಗಿದ್ದರೂ ಅದರ ಪ್ರಯೋಜನವೇ ಹೊರಟುಹೋಗುವುದು ಮೂರನೆಯದು. ಕಾರವಾರದ ಕೋಠಿಗೆ ಒದಗಿದುದು ಮುಖ್ಯವಾಗಿ ಮೂರನೆಯದು. ಗೋಡೆ ಬೀಳುವುದಕ್ಕೆ ಮುಂಚೆಯೇ ಅದರ ಬೆಲೆ ಬಿದ್ದಿತ್ತು.

ಖಂಡಸ್ಫುಟಿತ ಜೀರ್ಣೋದ್ಧಾರ

ಆಸ್ತಿ ಸವೆಯುತ್ತದೆಂಬ ಅರಿವು ಈ ನಾಡಿಗೆ ಕಂಪನಿಯವರಿಂದ ಬಂದುದಲ್ಲ. ಕಾರವಾರದ ಕೋಠಿಗೆ ಸಾವಿರ ವರ್ಷಗಳಿಗೂ ಹಿಂದೆ, ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರು ಅದನ್ನು ತಾಮ್ರದ ಮೇಲೆ ಬರೆಸಿದ್ದರು. ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ದೊರೆತ ತಾಮ್ರಪಟಗಳಲ್ಲಿ, 5ನೆಯ ಶತಮಾನದ ಮೃಗೇಶವರ್ಮನು ಅರ್ಹಂತರ ಆಲಯಕ್ಕೆ ಭೂಮಿಯನ್ನು ಬಿಟ್ಟ ಸಂಗತಿಯಿದೆ. ಆ ದಾನದ ಉದ್ದೇಶಗಳಲ್ಲಿ ಆಲಯದ ಗುಡಿಸುವಿಕೆ, ಅಭಿಷೇಕ, ಅರ್ಚನೆಗಳ ಸಾಲಿನಲ್ಲಿಯೇ ಒಡೆದುದನ್ನು ಸರಿಪಡಿಸುವ ಭಗ್ನಸಂಸ್ಕಾರವೂ ಸೇರಿದೆ. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬುದು ಮತ್ತೆ ಮತ್ತೆ ಬರುವ ಮಾತು. ಒಡೆದುದು, ಬಿರಿದುದು, ಹಳತಾದುದು ಈ ಮೂರನ್ನೂ ಸರಿಪಡಿಸಲು ಇಂತಿಷ್ಟು ಗದ್ದೆ, ಇಂತಿಷ್ಟು ತೋಟ, ಇಂತಿಷ್ಟು ಸುಂಕದ ಆದಾಯ ಎಂದು ದಾನಿಗಳು ಬಿಟ್ಟುಕೊಟ್ಟರು.

ಇದರ ಒಳಗಿನ ವಿವೇಕವನ್ನು ಗಮನಿಸಬೇಕು. ಬಸದಿ ಹೊಚ್ಚ ಹೊಸದಾಗಿದ್ದಾಗಲೇ ಅದರ ಬಿರುಕಿಗೆ ಹಣವನ್ನು ಎತ್ತಿಡಲಾಗುತ್ತಿತ್ತು. ಕಟ್ಟಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಸೋರುವ ಮಾಡನ್ನು ಸರಿಪಡಿಸುವವನ ಹೆಸರು ಉಳಿಯುವುದಿಲ್ಲ. ಆದಕಾರಣ ದುರಸ್ತಿಯನ್ನು ಮುಂದಿನವರ ಉತ್ಸಾಹಕ್ಕೆ ಬಿಡದೆ, ದಾನದ ಮೊದಲ ದಿನವೇ ಆದಾಯದ ಒಂದು ಪಾಲಿಗೆ ಕಟ್ಟಿಹಾಕುವುದು ಅವರ ಪದ್ಧತಿಯಾಗಿತ್ತು. ಇಂದು ಸವಕಳಿ ನಿಧಿ ಎಂದು ಕರೆಯುವುದರ ಸಾರವೇ ಇದು. ಇಂಗ್ಲೆಂಡಿನ ರೈಲ್ವೆ ಕಂಪನಿಗಳು ಕಂಬಿಗಳೂ ಇಂಜಿನುಗಳೂ ಸವೆದುಹೋಗುವುದನ್ನು ಲೆಕ್ಕಿಸದೆ ಲಾಭ ಹಂಚಿ, ಪೆಟ್ಟು ತಿಂದು 19ನೆಯ ಶತಮಾನದಲ್ಲಿ ಈ ಪಾಠ ಕಲಿತವು. ಭಾರತದ ರೈಲ್ವೆಯಲ್ಲಿ ಸವಕಳಿ ನಿಧಿಯೊಂದು ಸ್ಥಾಪನೆಯಾದುದು 1924ರಲ್ಲಿ.

ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ಕಂಡವರಿಗೆ ಈ ಮಾತಿನ ಇನ್ನೊಂದು ಮುಖ ತಿಳಿಯುತ್ತದೆ. ಶರಾವತಿಯ ದಡದ ಆ ಕಲ್ಲಿನ ಕಟ್ಟಡ ಇಂದಿಗೂ ನಿಂತಿದೆ. ಅದನ್ನು ಸಾಕುತ್ತಿದ್ದ ನಗರ ಕಾಡಿನಲ್ಲಿ ಕರಗಿಹೋಗಿದೆ. ದುರಸ್ತಿಗೆಂದು ಬಿಟ್ಟ ಆದಾಯ ನಿಂತಾಗ ಆಲಯ ತನ್ನ ಕಲ್ಲಿನ ಬಲದಿಂದಲೇ ಉಳಿಯಬೇಕಾಗುತ್ತದೆ. ಹೆಂಚು ಮರಗಳ ಕಟ್ಟಡಕ್ಕೆ ಆ ಬಲವಿಲ್ಲ.

ಅಂಕೋಲೆಯ ಗಜನಿ ಕಟ್ಟೆಗಳು

ದುರಸ್ತಿಯ ಮಹತ್ವವನ್ನು ಅರಿಯಲು ಅಂಕೋಲೆಯ ಕಡೆಯ ರೈತರ ಬಾಳೂ ಸಾಕು. ಗಂಗಾವಳಿ ಮೊದಲಾದ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಉಬ್ಬರದ ಉಪ್ಪುನೀರು ಒಳನುಗ್ಗುವ ತಗ್ಗು ಭೂಮಿಗಳಿವೆ. ಅವುಗಳಿಗೆ ಗಜನಿ ಎಂದು ಹೆಸರು. ಕಟ್ಟೆಯ ಬಲದಿಂದ ಉಪ್ಪುನೀರನ್ನು ತಡೆದು, ಮಳೆಗಾಲದ ಸಿಹಿನೀರಿನಲ್ಲಿ ಕಗ್ಗ ಎಂಬ ಉಪ್ಪು ತಾಳುವ ಭತ್ತವನ್ನು ಅಲ್ಲಿ ಬೆಳೆಯುತ್ತಾರೆ. ಈ ಕಟ್ಟೆಯೂ ಒಂದು ಸ್ಥಿರಾಸ್ತಿಯೇ. ಆದರೆ ಅದರ ಬಾಳು ಒಂದು ಉಬ್ಬರದಿಂದ ಇನ್ನೊಂದು ಉಬ್ಬರದವರೆಗೆ. ಏಡಿ ಕೊರೆದ ಒಂದು ಬಿಲವನ್ನು ಮುಚ್ಚದೆ ಬಿಟ್ಟರೆ ನೀರು ಅದನ್ನು ಅಗಲಿಸುತ್ತದೆ. ಕಟ್ಟೆ ಒಡೆದರೆ ಒಬ್ಬನ ಗದ್ದೆಯಲ್ಲ, ಎಲ್ಲರ ಗದ್ದೆಯೂ ಉಪ್ಪಾಗುತ್ತದೆ.

ಇಲ್ಲಿ ದುರಸ್ತಿ ಮತ್ತು ಹೊಸ ನಿರ್ಮಾಣಗಳ ಭೇದವೂ ಸ್ಪಷ್ಟವಾಗುತ್ತದೆ. ಬಿಲವನ್ನು ಮುಚ್ಚಿ, ಮಣ್ಣು ಮೆತ್ತಿ ಕಟ್ಟೆಯನ್ನು ಮೊದಲಿನ ಸ್ಥಿತಿಯಲ್ಲಿಡುವುದು ದುರಸ್ತಿ; ಅದು ಆಯಾ ವರ್ಷದ ಖರ್ಚು. ಮಣ್ಣಿನ ಕಟ್ಟೆಯ ಸ್ಥಳದಲ್ಲಿ ಕಲ್ಲಿನ ಕಟ್ಟೆಯನ್ನು ಕಟ್ಟಿದರೆ ಅದು ಹೊಸ ಆಸ್ತಿ. ಅದರ ವೆಚ್ಚವನ್ನು ಅದು ಬಾಳುವ ಎಲ್ಲ ವರ್ಷಗಳಿಗೂ ಹಂಚಬೇಕು. ಬಸದಿಯ ಹೆಂಚು ತೆಗೆದು ಮತ್ತೆ ಹೊದೆಸುವುದು ಮೊದಲನೆಯದು. ಹೆಂಚಿನ ಮಾಡನ್ನು ತೆಗೆದು ಕಾಂಕ್ರೀಟ್ ಹಾಕುವುದು ಎರಡನೆಯದು. ಈ ಭೇದವನ್ನು ಕಲಸಿದರೆ ಪುಸ್ತಕ ಎರಡು ಬಗೆಯಲ್ಲಿ ಸುಳ್ಳು ಹೇಳುತ್ತದೆ. ಸಾಮಾನ್ಯ ದುರಸ್ತಿಯನ್ನು ಆಸ್ತಿಗೆ ಸೇರಿಸಿದರೆ ಸಂಸ್ಥೆ ತನಗಿಲ್ಲದ ಸಂಪತ್ತನ್ನು ತೋರಿಸುತ್ತದೆ. ಹೊಸ ಕಟ್ಟಡವನ್ನು ದುರಸ್ತಿಯೆಂದು ಬರೆದರೆ ಇದ್ದ ಸಂಪತ್ತನ್ನು ಮರೆಮಾಡುತ್ತದೆ.

ಸವಕಳಿಯೂ ವಿಲೇವಾರಿಯೂ

ಸವಕಳಿಯ ಲೆಕ್ಕ ಕಠಿಣವಾದುದಲ್ಲ. ಒಂದು ಸಂಸ್ಥೆಯು 3,00,000 ರೂಪಾಯಿಗೆ ವಿದ್ಯುತ್ ಜನರೇಟರನ್ನು ಕೊಂಡಿತೆಂದು ಭಾವಿಸಬಹುದು. ಅದರ ಬಾಳು 15 ವರ್ಷ, ಕೊನೆಗೆ ಗುಜರಿಯ ಬೆಲೆ 15,000. ಉಳಿದ 2,85,000 ರೂಪಾಯಿಗಳನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 19,000. ಪ್ರತಿವರ್ಷ ಅಷ್ಟನ್ನು ಖರ್ಚಾಗಿ ಬರೆಯಬೇಕು. ಹತ್ತು ವರ್ಷಗಳ ಮೇಲೆ ಪುಸ್ತಕದ ಬೆಲೆ 1,10,000. ಆಗ ಅದನ್ನು 70,000ಕ್ಕೆ ಮಾರಿದರೆ 40,000 ರೂಪಾಯಿ ನಷ್ಟ. ಈ ನಷ್ಟವನ್ನು ನಷ್ಟವೆಂದೇ ಬರೆದು, ಜನರೇಟರನ್ನು ಆಸ್ತಿಯ ಪಟ್ಟಿಯಿಂದ ತೆಗೆಯಬೇಕು. ಕೆಲವೆಡೆ ನಡೆಯುವುದು ಬೇರೆ. ಬಂದ 70,000ವನ್ನು ಇತರ ಆದಾಯವೆಂದು ಜಮಾ ಮಾಡಲಾಗುತ್ತದೆ. ಮಾರಿಹೋದ ಯಂತ್ರ 3,00,000 ರೂಪಾಯಿಯ ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ಹಾಗೆಯೇ ಉಳಿಯುತ್ತದೆ. ನಷ್ಟ ಲಾಭದ ವೇಷ ತೊಡುತ್ತದೆ. ಯಾರೂ ಒಂದು ಕಾಸನ್ನೂ ಮುಟ್ಟಿರಲಾರರು; ಆದರೂ ಬರಹ ಕೂಟವಾಯಿತು.

ಯಾವ ವಸ್ತುವಿಗೆ ಎಷ್ಟು ಬಾಳು ಎಂಬುದಕ್ಕೆ 2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿ ಒಂದು ಅಳತೆಯನ್ನು ಕೊಡುತ್ತದೆ. ಕಾರ್ಖಾನೆಯಲ್ಲದ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ, ಇತರ ಬಗೆಯದಕ್ಕೆ 30, ಸೇತುವೆಗೆ 30, ಸಾಮಾನ್ಯ ಪೀಠೋಪಕರಣಕ್ಕೆ 10 ವರ್ಷ. ಇದು ಕಂಪನಿಗಳಿಗಾಗಿ ಬರೆದುದಾದರೂ ಧರ್ಮಸಂಸ್ಥೆಗಳ ಅಂದಾಜಿಗೆ ಒಳ್ಳೆಯ ಊರುಗೋಲು. ಆಸ್ತಿಯನ್ನು ಕೊಂಡ ಹಣವನ್ನು ಪೂರ್ತಿಯಾಗಿ ಧರ್ಮಕಾರ್ಯದ ವೆಚ್ಚವೆಂದು ತೋರಿಸಿದ ಸಂಸ್ಥೆ ಅದೇ ಆಸ್ತಿಗೆ ತೆರಿಗೆಯ ಲೆಕ್ಕದಲ್ಲಿ ಮತ್ತೆ ಸವಕಳಿ ಕೇಳುವುದನ್ನು 2014ರ ತಿದ್ದುಪಡಿ ತಡೆಯಿತು. ಇದರಿಂದ ಸವಕಳಿ ಬರೆಯುವುದೇ ಬೇಡವೆಂದು ಕೆಲವರು ತಿಳಿದರು. ಅದು ತಪ್ಪು ಗ್ರಹಿಕೆ. ತೆರಿಗೆಯ ಲೆಕ್ಕ ಸರ್ಕಾರಕ್ಕಾಗಿ. ಸಂಸ್ಥೆಯ ಪುಸ್ತಕ ಸತ್ಯಕ್ಕಾಗಿ. ಕಾಯಿದೆ ಲೆಕ್ಕಿಸದಿದ್ದರೂ ಗೆದ್ದಲು ತೊಲೆಯನ್ನು ತಿನ್ನುತ್ತಲೇ ಇರುತ್ತದೆ.

ಸವಕಳಿಗೆ ಸಲ್ಲದ ಆಸ್ತಿಗಳೂ ಉಂಟು. ಭೂಮಿಗೆ ಸಾಮಾನ್ಯವಾಗಿ ಸವಕಳಿಯಿಲ್ಲ. ಪ್ರಾಚೀನ ಜಿನಬಿಂಬ, ಶಾಸನಶಿಲೆ, ತಾಳೆಯೋಲೆಗಳ ಬೆಲೆಯನ್ನು ವರ್ಷಕ್ಕಿಷ್ಟೆಂದು ಕಳೆಯುವುದು ಅರ್ಥಹೀನ. ಪುಸ್ತಕದಲ್ಲಿ ಒಂದು ರೂಪಾಯಿ ಎಂದಿರುವ ಬಿಂಬವನ್ನು ಹಳೆಯ ಹಂಡೆಯ ಜೊತೆ ವಿಲೇವಾರಿಯ ರಾಶಿಗೆ ಹಾಕಿದರೆ ಅದು ಧರ್ಮಕ್ಕೂ ಕಾನೂನಿಗೂ ವಿರುದ್ಧವಾದೀತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮೌಲಿಕ ಹಸ್ತಪ್ರತಿಗಳನ್ನೂ ಪುರಾವಸ್ತುಗಳೆಂದು 1972ರ ಕಾಯಿದೆ ಗುರುತಿಸುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಕೆತ್ತನೆಯ ಕಂಬವನ್ನು ಹಳೆಯ ಮರವೆಂದು ಮಾರುವ ಮುನ್ನ ಪಟ್ಟಿ ಬರೆದು, ಛಾಯಾಚಿತ್ರ ತೆಗೆದು, ತಜ್ಞರಿಗೆ ತೋರಿಸಿ, ಸಭೆಯ ಠರಾವು ಪಡೆಯುವುದು ಕನಿಷ್ಠ ಕರ್ತವ್ಯ.

ವಿಲೇವಾರಿಯೆಂದರೆ ಯಾವಾಗಲೂ ಗುಜರಿಗೆ ಹಾಕುವುದಲ್ಲವೆಂಬುದಕ್ಕೂ ಕಾರವಾರದಲ್ಲಿ ನಿದರ್ಶನವಿದೆ. 1976ರಲ್ಲಿ ಸೇವೆಗೆ ಸೇರಿದ ‘ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ನೌಕಾಪಡೆಯು 2005ರಲ್ಲಿ ಸೇವೆಯಿಂದ ಬಿಡುಗಡೆ ಮಾಡಿತು. ಅದನ್ನು ಒಡೆದು ಕಬ್ಬಿಣವಾಗಿ ಮಾರುವ ಬದಲು, 2006ರಲ್ಲಿ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಲಾಯಿತು. ಮೊದಲ ಉಪಯೋಗ ಮುಗಿದಾಗ ಎರಡನೆಯ ಉಪಯೋಗ ದೊರೆಯಿತು. ಆದರೆ ಸಂಗ್ರಹಾಲಯವಾದ ಹಡಗಿಗೂ ತುಕ್ಕು ಹಿಡಿಯುತ್ತದೆ, ಬಣ್ಣ ಬೇಕಾಗುತ್ತದೆ. ಉಪಯೋಗ ಬದಲಾದರೂ ದುರಸ್ತಿಯ ಋಣ ತೀರುವುದಿಲ್ಲ.

ಸೇತುವೆ ಹೇಳಿದ ಮಾತು

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕೋಡಿಬಾಗವನ್ನೂ ಸದಾಶಿವಗಡವನ್ನೂ ಸೇರಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿದ್ದಿತು. ನಾಲ್ಕು ದಶಕಗಳಷ್ಟು ಹಳೆಯದಾದ ಆ ಸೇತುವೆಯ ಮೇಲೆ ಆಗ ಸಾಗುತ್ತಿದ್ದ ಲಾರಿಯೊಂದು ನದಿಗೆ ಬಿದ್ದಿತು. ಚಾಲಕನನ್ನು ಜೀವಸಹಿತ ಮೇಲೆತ್ತಲಾಯಿತು. ಪಕ್ಕದ ಹೊಸ ಸೇತುವೆ ನಿಂತಿತ್ತು. ಅಂದು ಹಗಲಿನ ಜನಸಂದಣಿಯಲ್ಲಿ ಹೀಗಾಗಿದ್ದರೆ ಎಂಬ ಯೋಚನೆಯೇ ಕಾರವಾರದ ಮನೆಮನೆಗಳಲ್ಲಿ ನಡುಕ ತಂದಿತು.

ಅನುಸೂಚಿಯ 30 ವರ್ಷಗಳೆಂಬುದು ಲೆಕ್ಕದ ಅಂಕಿ. ಅಷ್ಟಾದ ಮಾತ್ರಕ್ಕೆ ಸೇತುವೆ ಬೀಳಬೇಕೆಂದಿಲ್ಲ, ಅಷ್ಟಾಗುವವರೆಗೆ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಎಷ್ಟೋ ಸೇತುವೆಗಳು ಒಳ್ಳೆಯ ಆರೈಕೆಯಿಂದ ನೂರು ವರ್ಷ ಬಾಳುತ್ತವೆ. ಆದುದರಿಂದ ಸವಕಳಿಯ ಅಂಕಿಯನ್ನು ಬರೆದು ಪುಸ್ತಕ ಮುಚ್ಚುವುದಷ್ಟೇ ಸಾಲದು. ವರ್ಷಕ್ಕೊಮ್ಮೆ ಪುಸ್ತಕವನ್ನು ಕೈಯಲ್ಲಿ ಹಿಡಿದು ವಸ್ತುವಿನ ಮುಂದೆ ನಿಲ್ಲಬೇಕು. ಮಳೆಗಾಲಕ್ಕೆ ಮುಂಚೆ ಮಾಡು, ತೊಲೆ, ವಿದ್ಯುತ್ ತಂತಿ, ಮೆಟ್ಟಿಲು, ನೀರಿನ ತೊಟ್ಟಿ ಇವುಗಳನ್ನು ತಟ್ಟಿ ನೋಡಬೇಕು. ಬಿರಿದ ತೊಲೆಯ ಕೆಳಗೆ ಉತ್ಸವದ ದಿನ ನೂರಾರು ಜನ ಕುಳಿತುಕೊಳ್ಳುತ್ತಾರೆ. ಅಲ್ಲಿ ಪ್ರಮಾದವೇ ಹಿಂಸೆಯಾಗುತ್ತದೆ. ಪ್ರಮಾದದಿಂದ ಆಗುವ ಪ್ರಾಣಹಾನಿಯನ್ನೇ ಹಿಂಸೆಯೆಂದು ಕರೆದ ಧರ್ಮದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರನ್ನೂ ಒಟ್ಟಿಗೆ ಕಂಡಾಗಲೇ ವಸ್ತುವನ್ನು ಕಂಡಂತೆ ಎಂಬುದು ಜೈನದರ್ಶನದ ನಿಲುವು. ಬಹುಪಾಲು ಡೆಡ್ ಸ್ಟಾಕ್ ಪುಸ್ತಕಗಳು ಉತ್ಪಾದವನ್ನು ಮಾತ್ರ ಬರೆದು ನಿಲ್ಲುತ್ತವೆ: ಇಂಥ ದಿನ, ಇಂಥವರು, ಇಷ್ಟು ಬೆಲೆಗೆ ಕೊಟ್ಟರು. ವ್ಯಯದ ಅಂಕಣ ಖಾಲಿಯಿರುವವರೆಗೆ ಧ್ರೌವ್ಯಕ್ಕೆ ಆಧಾರವಿಲ್ಲ. ದಾನಿಯು ಕೊಟ್ಟುದು ಹಿತ್ತಾಳೆಯನ್ನಾಗಲಿ ಹೆಂಚನ್ನಾಗಲಿ ಅಲ್ಲ, ಪೂಜೆಗೆ ಬೆಳಕನ್ನೂ ಯಾತ್ರಿಕನಿಗೆ ನೆರಳನ್ನೂ ಕೊಟ್ಟನು. ವಸ್ತು ಸವೆದರೂ ಆ ಉದ್ದೇಶ ಉಳಿಯಬೇಕಾದರೆ ಸವೆದಷ್ಟನ್ನು ಒಪ್ಪಿಕೊಂಡು, ಅಷ್ಟನ್ನು ಎತ್ತಿಟ್ಟು, ಮುಂದಿನವರ ಕೈಗೆ ಒಪ್ಪಿಸಬೇಕು. ಬನವಾಸಿಯ ಅರಸನು ದಾನದ ದಿನವೇ ಭಗ್ನಸಂಸ್ಕಾರವನ್ನು ಬರೆಸಿದನು. ಹೊಸ ಸಭಾಭವನಕ್ಕೆ ಶಿಲಾನ್ಯಾಸ ಮಾಡುವ ಸಂಸ್ಥೆಗಳು ಅದೇ ದಿನ, ಅದೇ ಠರಾವಿನಲ್ಲಿ, ಆ ಭವನದ ಮೊದಲ ಬಿರುಕಿಗೂ ಒಂದು ಸಾಲನ್ನು ಬರೆದಿಟ್ಟರೆ ಸಾಕು.